ಇನ್ನೊಬ್ಬ ಬಸವರಾಜು

ಜಯಲಕ್ಷ್ಮಿಪುರಂ, ಮೈಸೂರು
12-2-1998

ಪ್ರೀತಿಯ ಮಹೇಶ,

ಹೇಗಿದ್ದೀಯಪ್ಪಾ? ಬೀದರಿನಲ್ಲಿ ಬಿಸಿಲು ಈಗಲೇ ಶುರುವಾಯಿತೆಂದು ಟಿ.ವಿ.ಯಲ್ಲಿ ಹೇಳಿದರು. ಊಟಕ್ಕೆ ಮಜ್ಜಿಗೆ ತಪ್ಪಿಸಬೇಡ. ನಾವಿಬ್ಬರೂ ಸುಖವಾಗಿದ್ದೇವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಸೋಮವಾರದ ಪೇಪರಿನ ಪ್ರಕಾರ ನಿಮ್ಮಪ್ಪ ತೀರಿಕೊಂಡಿದ್ದಾರೆ.

ಗಾಬರಿಯಾಗಬೇಡ. ವಾಚನಾಲಯದವರು ಅಪ್ಪನಿಗೆ ಮಾಡಿದ ಸನ್ಮಾನದ ಸುದ್ದಿಗೆಂದು ಕೊಟ್ಟಿದ್ದ ಫೋಟೋವನ್ನು ಪೇಪರಿನ ಪುಣ್ಯಾತ್ಮರು ಬೋಗಾದಿಯಲ್ಲಿದ್ದ, ಅಪ್ಪನದೇ ಹೆಸರಿನ ಇನ್ನೊಬ್ಬ ನಿವೃತ್ತ ಮೇಷ್ಟ್ರು ಬಸವರಾಜು ಅವರ ನಿಧನವಾರ್ತೆಗೆ ಹಾಕಿಬಿಟ್ಟಿದ್ದರು. ಅದೇ ಪೇಪರಿನ ದಿನಭವಿಷ್ಯದಲ್ಲಿ ಅಪ್ಪನ ರಾಶಿಗೆ ‘ಆರೋಗ್ಯದಲ್ಲಿ ಸುಧಾರಣೆ’ ಎಂದಿತ್ತು. ಎರಡನ್ನೂ ಗಟ್ಟಿಯಾಗಿ ಓದಿ ಇನ್ನೊಂದು ಲೋಟ ಕಾಫಿ ಕೇಳಿದರು. ಎಂಟು ಗಂಟೆಗೆ ಕೃಷ್ಣಸ್ವಾಮಿ ಹಾರ ಹಿಡಿದು ಬಂದರು. ವಾಚನಾಲಯದಲ್ಲಿ ಚುನಾವಣೆ ಸುದ್ದಿ ಓದಿ ಅಪ್ಪನೊಡನೆ ದಿನವೂ ಜಗಳವಾಡುತ್ತಾರಲ್ಲ, ಅವರೇ. ಬಾಗಿಲು ತೆರೆದದ್ದು ಅಪ್ಪ. ಆ ಮನುಷ್ಯ ಮೆಟ್ಟಿಲ ಮೇಲೆ ಕುಸಿದು ಕುಳಿತು, “ನಿನ್ನೆ ಏನೇನೋ ಅಂದ್ಬುಟ್ಟೆ ಅಂತ ದಾರಿಯುದ್ದಕ್ಕೂ ಅತ್ಕೊಂಡು ಬಂದೆ ಕಣ್ರೀ” ಎಂದರು. ಅಪ್ಪ ಕೈಹಿಡಿದು ಎಬ್ಬಿಸಿ ಒಳಗೆ ಕರೆತಂದರು. ಆಮೇಲೆ ಬಂದವರಿಗೆಲ್ಲ ಉಪ್ಪಿಟ್ಟು ಮಾಡಿ ಮಾಡಿ ಡಬ್ಬದ ರವೆಯೇ ಮುಗಿಯಿತು. ಧಾರಾವಾಹಿಗಳಲ್ಲಿ ಸತ್ತವರು ತಿರುಗಿ ಬರಲು ಆರು ತಿಂಗಳು ಬೇಕು. ನಿಮ್ಮಪ್ಪ ಅರ್ಧ ದಿನದಲ್ಲಿ ಮುಗಿಸಿದರು.

ಮಧ್ಯಾಹ್ನ ಅಪ್ಪ ಆ ಹಾರವನ್ನೇ ತೆಗೆದುಕೊಂಡು ಬೋಗಾದಿಗೆ ಹೊರಟರು. ನಾನೂ ಹೋದೆ. ತೀರಿಕೊಂಡವರ ಹೆಂಡತಿ ಮಹದೇವಮ್ಮ ಅಪ್ಪನ ಮುಖ ನೋಡಿ ಗುರುತು ಹಿಡಿದರು. ಅಷ್ಟು ದುಃಖದಲ್ಲೂ, “ನೀವಾದ್ರೂ ಚೆನ್ನಾಗಿದ್ದೀರಲ್ಲ, ಬುಡಿ” ಎಂದರು. ಅವರ ಯಜಮಾನರ ಫೋಟೋಗೆ ಹಾರ ಹಾಕಿ ಅಪ್ಪ ಸುಮಾರು ಹೊತ್ತು ಕುಳಿತಿದ್ದರು. ಮನೆಗೆ ಬಂದು, “ನಾನು ಬದುಕಿರುವ ಸುದ್ದಿ ಹಾಕದಿದ್ದರೂ ಪರವಾಗಿಲ್ಲ, ಅವರ ಫೋಟೋ ಹಾಕಿ” ಎಂದು ಪೇಪರಿನವರಿಗೆ ಬರೆದರು. ನಿನ್ನೆ ಹಾಕಿದ್ದಾರೆ. ಕೃಷ್ಣಸ್ವಾಮಿಯವರ ಜಗಳವೂ ನಿನ್ನೆಯಿಂದಲೇ ಮತ್ತೆ ಶುರುವಾಗಿದೆ.

ನಿನಗೂ ಸುಷ್ಮಾಗೂ ನಮ್ಮಿಬ್ಬರ ಆಶೀರ್ವಾದ.

ನಿನ್ನ ಅಮ್ಮ,
ಪ್ರೇಮಲೀಲಾ

ಮರೆತಿದ್ದೆ: ದೀಪಾವಳಿಯಲ್ಲಿ ನೀನು ಅಪ್ಪನ ಹಳೇ ಪತ್ರಿಕೆಗಳನ್ನು ಕೇಳದೆ ರದ್ದಿಗೆ ಹಾಕಿದೆಯೆಂದು ಶುರುವಾದ ನಿಮ್ಮಿಬ್ಬರ ಈ ಮಾತು ಬಿಟ್ಟ ಹಠ ಇನ್ನೆಷ್ಟು ದಿನ? ಬೋಗಾದಿಯಿಂದ ಬಂದ ಅಪ್ಪ ಪೇಪರಿನವರಿಗೆ ಕಾಗದ ಬರೆದದ್ದೂ ಫೋನಿನ ಪಕ್ಕದಲ್ಲೇ. ಆಮೇಲೂ ಆ ಕುರ್ಚಿ ಬಿಟ್ಟು ಏಳಲಿಲ್ಲ. ಸಂಜೆ ಮೆಲ್ಲಗೆ, “ಈ ಪೇಪರ್ ಬೀದರ್‌ಗೆ ಹೋಗಲ್ವೇನೇ?” ಎಂದರು. ಹೋಗುವುದಿಲ್ಲ ಎಂದೆ. ನಿನ್ನ ಫೋನಿಗೆ ಕಾಯುತ್ತಿದ್ದರೆಂದು ಆಗ ನನಗೇನು ಗೊತ್ತು? ಈ ಕಾಗದ ಕೈಸೇರಿದ ಕೂಡಲೇ ಫೋನ್ ಮಾಡಪ್ಪಾ.