ಕರೆಯುವ ಪದ, ಕಳಿಸುವ ಪದ

ಯಲ್ಲಾಪುರ
ಗುರುವಾರ, ೧೦ ಫೆಬ್ರವರಿ ೨೦೦೫

ಮುದ್ದಿನ ಕೂಸೆ ಸಮೃದ್ಧಿ,

ಸ್ಯಾಂಪ್ಲಿಂಗ್ ಎಂಬ ವಿದ್ಯೆಯನ್ನು ಈ ಭೂಮಿಯ ಮೇಲೆ ಮೊದಲು ಕಂಡುಹಿಡಿದವ ನಿನ್ನ ಶಾಂತಾರಾಮ ಮಾವ. ಅಮೆರಿಕದವರು ಕಣ್ಣು ಬಿಡುವ ಮೊದಲೇ ನಾನು ಈ ಮೈಕ್‌ಸೆಟ್ ಅಂಗಡಿಯಲ್ಲಿ ಎರಡು ಟೇಪ್‌ರೆಕಾರ್ಡರ್ ಜೋಡಿಸಿ, ಒಬ್ಬ ಪುಢಾರಿಯ ಒಂದು ಕೆಮ್ಮನ್ನು ಹದಿನಾರು ಸಲ ಕೆಮ್ಮಿಸಿದ್ದೆ. ಏಳನೇ ಇಯತ್ತೆ ಓದಿದವನ ತಲೆ ಅದು. ನೀನು ಮುಂಬೈಯಲ್ಲಿ ಪಿಯಾನೋ, ಕಂಪ್ಯೂಟರು ಇಟ್ಟುಕೊಂಡು ಮಾಡುವುದೂ ಅದನ್ನೇ ತಾನೆ.

ಬಡಾಯಿ ಸಾಕು. ದೇವಿ ಅಂಗಡಿಯ ಬೆಂಚಿನ ಮೇಲೆ ಕೂತು ನಾನು ಬರೆಯುವುದನ್ನೇ ನೋಡುತ್ತಿದ್ದಾಳೆ. ಸಿದ್ದವ್ವನ ಮಗಳು ದೇವಿ. ಭಾನುವಾರದ ನಿನ್ನ ಕಾರ್ಯಕ್ರಮದಲ್ಲಿ ಯಾರ ಧ್ವನಿ ಕೇಳಿಸಬೇಕೋ, ಆ ಸಿದ್ದವ್ವ. ಐದು ಗಂಟೆಗೆ ಮಡಿವಾಳಪ್ಪನ ಲಾರಿ ಮುಂಬೈಗೆ ಹೊರಡುತ್ತದೆ, ಅಷ್ಟರೊಳಗೆ ಈ ಕಾಗದ ಮುಗಿಯಬೇಕು. ಫೋನಿನಲ್ಲೇ ಹೇಳಬಹುದಿತ್ತು. ಈ ವಾರ ಮೂರು ಸಲ ಮಾಡಿದೆನಲ್ಲ, ಮೂರೂ ಸಲ "ಎಲ್ಲ ಆರಾಮು, ನೀ ಜೋರು ಬಾರಿಸು" ಎಂದು ಇಟ್ಟುಬಿಟ್ಟೆ. ನನ್ನ ಬಾಯಿಗೆ ಸುಳ್ಳು ರೂಢಿಯಾಗಿದೆ. ಕೈಗೆ ಇನ್ನೂ ಅಷ್ಟಿಲ್ಲ.

ನೀನು ಕಾಲೇಜಿನ ರಜೆಯಲ್ಲಿ ಬಂದಾಗ ನನ್ನ ತಗಡಿನ ಡಬ್ಬಿಯಲ್ಲಿ ಆ ಕ್ಯಾಸೆಟ್ ಸಿಕ್ಕಿತ್ತು. ತೊಂಬತ್ತೆಂಟರಲ್ಲಿ ಮಾಗೋಡಿನ ಕಡೆಯ ಸಿದ್ದಿ ಕೇರಿಯಲ್ಲಿ, ಸಿದ್ದವ್ವ ತನ್ನ ಮನೆಯ ತೀರಿಹೋದ ಹಿರಿಯರ ಹೆಸರಿನಲ್ಲಿಟ್ಟ ತೆಂಗಿನಕಾಯಿಗಳ ಮುಂದೆ ಕೂತು ಹಾಡಿದ್ದನ್ನು ನಾನು ಹಿಡಿದ ಕ್ಯಾಸೆಟ್ಟು. ನೀನು ಊಟಕ್ಕೂ ಏಳದೆ ಕೇಳಿದೆ. "ಮಾವ, ಆಫ್ರಿಕದಿಂದ ಗುಲಾಮರಾಗಿ ಹಡಗಲ್ಲಿ ಆಚೆ ಅಮೆರಿಕಕ್ಕೆ ಹೋದವರ ಭಕ್ತಿಪದ, ಈಚೆ ನಮ್ಮ ಕಡೆ ಬಂದ ಸಿದ್ದಿಗಳ ಪದ, ಎರಡನ್ನೂ ಆನು ಒಂದೇ ಚಾಪೆ ಮೇಲೆ ಕೂರಿಸ್ತೆ" ಅಂದಿದ್ದೆ. ನನಗೆ ತಿಳಿಯಲಿಲ್ಲ. ಆದರೂ ಅದು ನನ್ನದೇ ಐಡಿಯಾ ಎಂದು ಊರಿಗೆಲ್ಲ ಹೇಳಿದೆ.

ಹೋದ ವಾರ ನಿನ್ನ ಸೀಡಿ ಬಂತು. ಸುಮ್ಮನೆ ಕೇಳಿ ಇಡುವ ಪೈಕಿಯೇ ನಾನು? ಸಂತೆಯ ದಿನ ನೋಡಿ, ಅಂಗಡಿಯ ಹೊರಗೆ ಎರಡು ಹಾರ್ನ್ ಕಟ್ಟಿ ಹಚ್ಚಿದೆ. ಸ್ಯಾಕ್ಸೊಫೋನು ಅಮೆರಿಕದ ಕಪ್ಪು ಜನರ ಭಕ್ತಿಪದವನ್ನು ನಿಧಾನಕ್ಕೆ ಎಳೆಯುತ್ತಿತ್ತು. ಅದರ ಅಡಿಗೆ ಆಫ್ರಿಕದ ಯಾವುದೋ ತಂತಿವಾದ್ಯ, ನಡುನಡುವೆ ಗೇರುಬೀಜ ಹುರಿದ ಹಾಗೆ ನಿನ್ನ ಪಿಯಾನೋ. ಆಮೇಲೆ ಸಿದ್ದವ್ವ. ಹಿರಿಯರನ್ನು ಬಾ ಎಂದು ಕರೆಯುವ ಒಂದೇ ಸಾಲು. ನಿನ್ನ ಯಂತ್ರ ಅದನ್ನೇ ತಿರುಗಿಸಿ ತಿರುಗಿಸಿ ತರುತ್ತಿತ್ತು. ಜನ ನಿಂತರು. ನಾನು ಮೀಸೆ ತಿರುವುತ್ತ "ನಮ್ಮ ಕೂಸಿನದು" ಎನ್ನುತ್ತಿದ್ದೆ.

ಸಂತೆಗೆ ಬಂದ ದೇವಿ ಚೀಲ ಕೆಳಗಿಟ್ಟು ನಿಂತಳು. ತಾಯಿ ತೀರಿ ಆರು ತಿಂಗಳು. ಮುಗಿಯುವವರೆಗೂ ಬೆರಳು ಮಡಚುತ್ತಲೇ ಇದ್ದಳು. ಆಮೇಲೆ ಹತ್ತಿರ ಬಂದು, ಬೇರೆಯವರಿಗೆ ಕೇಳದ ಹಾಗೆ ಹೇಳಿದಳು. "ಹೆಗಡೇರೆ, ನಲವತ್ತೊಂದು ಸಲ ಕರದ್ರಿ. ಕಳ್ಸೂದು ಯಾವಾಗ?"

ಆ ಮನೆಯ ಪದ್ಧತಿ ಹಾಗೆ. ಮೊದಲು ಕರೆಯುವ ಪದ, ಬಂದವರಿಗೆ ಉಣಬಡಿಸಿದ ಮೇಲೆ ಕಳಿಸುವ ಪದ. ಕರೆದು ಕಳಿಸದಿದ್ದರೆ ಅವರು ಹೊಸಿಲಲ್ಲೇ ನಿಂತಿರುತ್ತಾರಂತೆ. ಈಗ ಕರೆಯುತ್ತಿರುವವಳೂ ಆ ಕಡೆಗೆ ಸೇರಿದವಳೇ. "ಅವ್ವ ಹೋಗೂದೋ ಇರೂದೋ ತಿಳೀದೆ ನಿಂತ ಹಾಂಗಿತ್ರಿ" ಎಂದಳು.

ಕಳಿಸುವ ಪದ ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿತ್ತು. ಆ ಬದಿಯನ್ನು ಇಲಿ ತಿಂದಿತು ಎಂದು ನಿನಗೆ ಹೇಳಿದ್ದೆ. ಒಂದೇ ಬದಿ ತಿನ್ನುವ ಇಲಿ ಯಾವುದು ಎಂದು ನೀನು ಕೇಳಲಿಲ್ಲ, ನನ್ನನ್ನು ನಂಬಿದೆ. ನಂದೊಳ್ಳಿಯ ವಾಲಿಬಾಲ್ ಪಂದ್ಯದಲ್ಲಿ ನಾನು ಮಾಡಿದ ಅನೌನ್ಸ್‌ಮೆಂಟನ್ನು ನಾನೇ ಕೂತು ಕೇಳಬೇಕೆನಿಸಿತ್ತು. ಅದರ ಮೇಲೆಯೇ ತುಂಬಿಸಿಬಿಟ್ಟೆ.

ದೇವಿಗೆ ಆ ಪದ ಬರುತ್ತದೆ. ಇವತ್ತು ಮಧ್ಯಾಹ್ನ ಕರೆಸಿ, ಚಾ ಕುಡಿಸಿ, ಮಾತಿನಲ್ಲೇ ಹಾಡಿಸಿಬಿಡೋಣ ಎಂದಿದ್ದೆ. ನಾನು ಟೇಪಿನ ಬಟನ್ ಒತ್ತುವ ಮೊದಲೇ ಅವಳು ಕೇಳಿದಳು, "ಅವ್ವನ್ನ ಕೇಳಿ ಕಳ್ಸಿದ್ರೇನ್ರಿ ಮುಂಬೈಗೆ?" ನಾನು ಮೈಕಿನ ವೈರು ಬಿಚ್ಚಿ ಮತ್ತೆ ಸಿಕ್ಕಿಸಿದೆ. "ದುಡ್ಡು ಗಿಡ್ಡು ಬಂದಿತ್ತಾ?" ವೈರನ್ನು ಇನ್ನೊಮ್ಮೆ ಬಿಚ್ಚಿದೆ. "ನೀವು ಬಾಯಿ ಮುಚ್ಚಿ ಕೂತದ್ದು ಇದೇ ಮೊದಲು ನೋಡ್ತೆ ನಾನು. ಆ ತಂಗಿಗೆ ಖರೆ ಬರೀರಿ. ನಾ ಓದ್ತೆ. ಆಮೇಲೆ ಹಾಡೂದು ಬಿಡೂದು ನೋಡ್ವ."

ಬರೆಯುತ್ತೇನೆ. ಸಿದ್ದವ್ವ ಒಪ್ಪಿದಳು, ಹಣ ಕೈಗಿಟ್ಟಾಗ ಅತ್ತಳು, ನಿನ್ನನ್ನು ಹರಸಿದಳು ಎಂದು ಹೋದ ವರ್ಷ ನಿನಗೆ ಬರೆದೆನಲ್ಲ, ಅದರಲ್ಲಿ ಅವಳ ಹೆಸರೊಂದೇ ಖರೆ. ಅವಳನ್ನು ನಾನು ಕೇಳಲೇ ಇಲ್ಲ. ನಿಮ್ಮ ಸಂಗೀತದ ಗುಂಪಿನವರು ಅವಳಿಗೆಂದು ಕಳಿಸಿದ ಹಣ ವೆನಿಲಾ ಬಳ್ಳಿಗೆ ಹೋಯಿತು. ಆಗ ವೆನಿಲಾಕ್ಕೆ ಹುಚ್ಚು ದರ. ದುಪ್ಪಟ್ಟು ಮಾಡಿ ಅವಳಿಗೆ ಕೊಟ್ಟು ದೊಡ್ಡವನಾಗಬೇಕೆಂದಿದ್ದೆ. ದರ ಬಿತ್ತು, ಸಿದ್ದವ್ವನೂ ಹೋದಳು. ಅವಳು ಜ್ವರದಲ್ಲಿ ಮಲಗಿದ್ದಾಗ ಆ ಮನೆಯ ಮುಂದೆಯೇ ಎರಡು ಸಲ ಸ್ಕೂಟರಿನಲ್ಲಿ ಹೋದೆ. ನಿಲ್ಲಿಸಲಿಲ್ಲ.

ಈ ಕಾಗದವನ್ನು ಈಗ ದೇವಿಯ ಕೈಗೆ ಕೊಡುತ್ತೇನೆ. ಓದಿ ಹಾಡಿದಳೆಂದರೆ ಲಕೋಟೆಯಲ್ಲಿ ಕ್ಯಾಸೆಟ್ ಇರುತ್ತದೆ. ಅದನ್ನು ಕತ್ತರಿಸಬೇಡ, ತಿರುಗಿಸಬೇಡ, ಕೊನೆಗೆ ಇಡಿಯಾಗಿ ಕೇಳಿಸು. ಕ್ಯಾಸೆಟ್ ಇಲ್ಲದಿದ್ದರೆ ಅವಳು ಒಪ್ಪಲಿಲ್ಲ ಎಂದು ತಿಳಿ, ಸಿದ್ದವ್ವನ ಧ್ವನಿಯನ್ನು ತೆಗೆದುಬಿಡು. ಆ ಜಾಗದಲ್ಲಿ ಬೇರೇನೂ ತುಂಬಬೇಡ. ಬೈಯಬೇಕೆನಿಸಿದರೆ ಫೋನ್ ಮಾಡು. ಈ ಸಲ ನಾನು ಇಡುವುದಿಲ್ಲ.

ನಿನ್ನ ಬೆರಳುಗಳಿಗೆ ಬಲ ಬರಲಿ. ನಿನ್ನನ್ನು ನಂಬಿದವರು ನಿನ್ನಿಂದ ಮೋಸಹೋಗದಿರಲಿ.

ನಿನ್ನ ಹೆಸರು ಹೇಳಿಕೊಂಡು ಮೆರೆದ,
ಶಾಂತಾರಾಮ ಮಾವ

ತಾ.ಕ.: ದೇವಿ ಓದಿದಳು. "ಎಷ್ಟು ಅಂತ ಬರದೇ ಇಲ್ಲಲ್ರಿ" ಎಂದು ಕಾಗದ ತಿರುಗಿ ಕೊಟ್ಟು, ಇನ್ನೂ ಹಾಡದೆ ಕಾಯುತ್ತ ಕೂತಿದ್ದಾಳೆ. ವೆನಿಲಾದಲ್ಲಿ ಹೋದದ್ದು ಎರಡು ಸಾವಿರ ಎಂದು ನಿನ್ನ ಅತ್ತೆಗೂ ಹೇಳಿದ್ದೇನೆ. ಹೋದದ್ದು ಇಪ್ಪತ್ಮೂರು ಸಾವಿರದ ನಾಲ್ಕು ನೂರು. ಅದರಲ್ಲಿ ಹತ್ತು ಸಾವಿರ ಸಿದ್ದವ್ವನದು.