ಬೋಳು ಮೊಳೆಗಳ ವಿಚಾರವಾಗಿ ಭಾವನವರಿಗೆ

ಪ್ರಚಾರ ಮಂತ್ರಿಗಳಾದ ಭಾವನವರಿಗೆ, ನಾದಿನಿಯ ಸಿಟ್ಟಿನ ನಮಸ್ಕಾರಗಳು.

ನನ್ನ ಕಾಫಿ ಅಂಗಡಿಗೆ ಬೀದಿಯವರನ್ನು ಸೆಳೆಯಲು ನೀವು ಅಚ್ಚು ಹಾಕಿಸಿದ ಕರಪತ್ರ ಮನೆಮನೆಗೂ ತಲುಪಿದೆ. ‘ಇದು ನಿಮ್ಮದೇ ಅಂಗಡಿ’ ಎಂಬ ಸಾಲು ಚೆನ್ನಾಗಿದೆ. ಫೋಟೋದಲ್ಲಿ ಗೋಡೆ ಫಳಫಳ ಹೊಳೆಯುತ್ತಿದೆ. ಹೊಳೆಯದೆ ಏನು, ಕಾಯಂ ಗಿರಾಕಿಗಳು ಮನೆಯಿಂದ ತಂದು ಮೊಳೆಗೆ ನೇತುಹಾಕಿದ್ದ ಹನ್ನೊಂದು ಕಪ್‌ಗಳನ್ನು ‘ಹಳೇ ಸಾಮಾನು’ ಎಂದು ನೀವು ಪೆಟ್ಟಿಗೆಗೆ ತುಂಬಿ ಒಯ್ದಿದ್ದೀರಲ್ಲ.

ಇವತ್ತು ಟೈಲರ್ ಅಜ್ಜ ಕರಪತ್ರ ಹಿಡಿದುಕೊಂಡೇ ಬಂದರು. ಬೋಳು ಮೊಳೆ ನೋಡಿ, “ನಮ್ದೇ ಅಂಗಡಿ ಅಂತೀಯ, ನನ್ನ ಕಪ್ಪೇ ಇಲ್ವಲ್ಲಮ್ಮ” ಎಂದರು. ಬೇರೆ ಕಪ್‌ನಲ್ಲಿ ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದು ಹೋದರು. ಸಂಜೆಯೊಳಗೆ ಇನ್ನೂ ನಾಲ್ವರು ಹಾಗೇ ಹೋದರು. ಹೊಸಬರು ಒಬ್ಬರೂ ಬರಲಿಲ್ಲ.

ನಾಳೆ ಬಾಗಿಲು ತೆರೆಯುವ ಮೊದಲು ಹನ್ನೊಂದೂ ವಾಪಸು ಬರಬೇಕು. ಆಮೇಲೆ ನೀವೇ ಆ ಐವರ ಮನೆಗೂ ಹೋಗಿ ಕರೆದು ಬರಬೇಕು. ಪತ್ರವನ್ನು ಅಕ್ಕನ ಕೈಗೇ ಕೊಡುತ್ತಿದ್ದೇನೆ, ಸಿಗಲಿಲ್ಲ ಎನ್ನುವ ಹಾಗಿಲ್ಲ.

ಆ ಹನ್ನೊಂದರಲ್ಲಿ ಅಂಚು ಒಡೆದ ಹಸಿರು ಕಪ್ಪನ್ನು ಎಸೆದಿಲ್ಲ ತಾನೇ? ಅಂಗಡಿ ತೆರೆದ ದಿನ ಈ ಗೋಡೆಗೆ ಮೊದಲ ಮೊಳೆ ಹೊಡೆದು ನೀವೇ ಮನೆಯಿಂದ ತಂದು ನೇತುಹಾಕಿದ ಕಪ್ ಅದು. ನೀವು ಮರೆತಿರಿ. ನಾನು ಆರು ವರ್ಷದಿಂದ ದಿನಾ ಒರೆಸಿ ಇಡುತ್ತಿದ್ದೆ.

ಇಂತಿ,
ಸಿಟ್ಟು ಇನ್ನೂ ಇಳಿಯದ ನಾದಿನಿ