ಏಳನೇ ಸ್ಟಾಪಿನ ಕಲ್ಲುಬೆಂಚು

ಏಪ್ರಿಲ್ 9, ಸಂಜೆ
ಮೂರು ದಿನದ ಟೂರ್ ಮುಗಿಯಿತು. ಮೂವತ್ನಾಲ್ಕು ಜನ, ಕಡಲಿನಿಂದ ಬೆಟ್ಟದವರೆಗೆ ಏಳು ಸ್ಟಾಪ್. ಬಸ್ಸಿನ ಎಸಿ ಕೆಟ್ಟಿತು, ಬಂದರಿನಲ್ಲಿ ಊಟ ತಡ, ಕೋಟೆಗೆ ಇನ್ನೂರು ಮೆಟ್ಟಿಲು. ಎಲ್ಲ ಕಡೆಯೂ ಮೈಕ್ ಹಿಡಿದು ಅದೇ ಮಾತು — "ಇದು ನನ್ನ ಪರ್ಸನಲ್ ಫೇವರಿಟ್." ಆರು ಸ್ಟಾಪಿಗೆ ಆರು ಫೇವರಿಟ್. ಗೈಡ್ ನಾಲಿಗೆಗೆ ಮೂಳೆ ಇಲ್ಲ.

ಏಳನೆಯದು ಸರೋವರ. ಅಷ್ಟರಲ್ಲಿ ಗ್ರೂಪ್ ಪೂರ್ತಿ ರೇಗಿತ್ತು. ನೀರಿನಂಚಿನ ಕಲ್ಲುಬೆಂಚಿನ ಮೇಲೆ ಕೈಯಿಟ್ಟು ಶುರು ಮಾಡಿದೆ — "ತೀರಿಹೋದ ನನ್ನ ಹೆಂಡತಿಗೆ ಇಡೀ ದೇಶದಲ್ಲಿ ಇಷ್ಟವಾದ ಜಾಗ ಇದೊಂದೇ. ಸಂಜೆಯೆಲ್ಲ ಇಲ್ಲೇ ಕೂತಿರುತ್ತಿದ್ದಳು..." ಗದ್ದಲ ನಿಂತಿತು. ಕಂಪ್ಲೇಂಟ್ ಬರೀತೀನಿ ಅಂತ ಕೂಗಾಡುತ್ತಿದ್ದವನೂ ಟೋಪಿ ತೆಗೆದ.

ಹೆಂಡತಿ ಆ ಹೊತ್ತಿಗೆ ಹೊಲಿಗೆ ಅಂಗಡಿಯಲ್ಲಿ ಯಾರದೋ ಪ್ಯಾಂಟಿಗೆ ಜಿಪ್ ಹಾಕುತ್ತಿದ್ದಳು. ಗುಂಡುಕಲ್ಲಿನ ಹಾಗಿದ್ದಾಳೆ.

ಎರಡು ವರ್ಷದ ಹಿಂದೆ, ಟೈರ್ ಒಡೆದ ದಿನ, ಜನರನ್ನು ಸುಮ್ಮನಾಗಿಸಲು ಬಾಯಿಗೆ ಬಂದ ಸುಳ್ಳು. ಕೆಲಸ ಮಾಡಿತು. ಆಮೇಲೆ ಬಿಡಲಾಗಲಿಲ್ಲ. ಡ್ರೈವರಿಗೆ — ಹಾರ್ನಣ್ಣ ಅಂತ ನಾನಿಟ್ಟ ಹೆಸರು — ಮೊದಲಿನಿಂದ ಗೊತ್ತು. "ಅತ್ತಿಗೆನ ವಾರವಾರ ಸಾಯಿಸ್ತೀಯಲ್ಲೋ, ಕೈ ನೋಯಲ್ವಾ?" ಅಂದ ಇವತ್ತು. ನಕ್ಕೆ. ಅವನು ನಗಲಿಲ್ಲ.

ಎರಡನೇ ಸಾಲಿನ ರಿಟೈರ್ಡ್ ಟೀಚರಮ್ಮ ಅತ್ತೇಬಿಟ್ಟರು. ಪತ್ರಿಕೆಗೆ ಪ್ರವಾಸ ಲೇಖನ ಬರೆಯುತ್ತಾರಂತೆ. ಅಚ್ಚಾದ ಮೇಲೆ ಕಳಿಸುತ್ತೇನೆ ಅಂತ ಮನೆ ವಿಳಾಸ ಕೇಳಿದರು. ಬೇಡ ಅನ್ನಲು ಕಾರಣ ಹೊಳೆಯಲಿಲ್ಲ. ಕೊಟ್ಟೆ.

ಏಪ್ರಿಲ್ 10
ರಜ. ಇವಳು ಬಟ್ಟೆ ಮಡಿಸುತ್ತಾ ಮತ್ತೆ ಕೇಳಿದಳು — "ಆ ಸರೋವರ ಅಷ್ಟು ಚೆನ್ನಾಗಿದ್ಯಂತಲ್ಲ. ಒಂದ್ಸಲ ನನ್ನೂ ಕರ್ಕೊಂಡು ಹೋಗಿ."
"ಸೀಸನ್. ಸೀಟಿಲ್ಲ."
ಹಿಂದಿನ ಸಾಲಿನಲ್ಲಿ ನಾಲ್ಕು ಸೀಟು ಖಾಲಿ ಇದ್ದವು. ಮದುವೆಯಾಗಿ ಹತ್ತೊಂಬತ್ತು ವರ್ಷ, ಇದೇ ಉತ್ತರ. ಈಗಂತೂ ಕರೆದುಕೊಂಡು ಹೋಗುವ ಹಾಗೇ ಇಲ್ಲ.

ಮೇ 22, ಮಧ್ಯಾಹ್ನ
ಟೂರ್ ಮುಗಿಸಿ ಮನೆಗೆ ಬಂದೆ. ಫ್ರಿಜ್ಜಿನ ಬಾಗಿಲಿಗೆ ಇವಳು ಪತ್ರಿಕೆಯ ಹಾಳೆ ಅಂಟಿಸಿದ್ದಾಳೆ. 'ಈ ದೇಶದಲ್ಲಿ ನಾನು ಮೆಚ್ಚಿದ ಏಳು ತಾಣಗಳು.' ಟೀಚರಮ್ಮನ ಫೋಟೋ. ಬಂದರಿಗೆ ಏಳನೇ ಸ್ಥಾನ, ಕೋಟೆಗೆ ನಾಲ್ಕನೆಯದು, ಉತ್ತರದ ಬೆಟ್ಟಸಾಲಿಗೆ ಎರಡು. ಮೊದಲನೆಯದು ಸರೋವರದ ಕಲ್ಲುಬೆಂಚು. 'ನಮ್ಮ ಗೈಡ್ ತನ್ನ ದಿವಂಗತ ಪತ್ನಿಯನ್ನು ನೆನೆದಾಗ ನೀರೂ ಅಲುಗಾಡಲಿಲ್ಲ.' ಜೊತೆಗೊಂದು ಪತ್ರ, 'ಮನೆಯವರಿಗೆಲ್ಲ' ಅಂತ. ಸಾಂತ್ವನ ಹೇಳಿದ್ದಾರೆ.

ಇವಳು ತಟ್ಟೆ ಹಾಕಿದಳು. ಅನ್ನ ಬಡಿಸಿದಳು.
"ಸತ್ತವಳ ಕೈ ಅಡುಗೆ. ಉಪ್ಪು ಸರಿ ಇದ್ಯಾ ನೋಡಿ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎರಡು ವರ್ಷ ಕುಡಿದೆ. ಈಗ ತಲೆ ಎತ್ತಲು ನಾಚಿಕೆ.

ಮೇ 23
"ನಾನು ಯಾವುದರಿಂದ ಸತ್ತೆ?" ಬೆಳಿಗ್ಗೆ ಕೇಳಿದಳು. ಸೂಜಿಗೆ ದಾರ ಪೋಣಿಸುತ್ತಾ.
"ಅದು... ಹೇಳಿಲ್ಲ. ಯಾರೂ ಕೇಳಲ್ಲ."
"ಅಷ್ಟೂ ಯೋಚನೆ ಮಾಡಲಿಲ್ವಾ?"
ಕ್ಷಮಿಸು ಅಂದೆ. ಕೇಳಿಸಲೇ ಇಲ್ಲ ಅನ್ನುವ ಹಾಗೆ ದಾರ ಕಡಿದಳು. ಕಿರುಚಿದ್ದರೆ, ತಟ್ಟೆ ಎಸೆದಿದ್ದರೆ ಚೆನ್ನಾಗಿತ್ತು.

ಮೇ 30
ಟಿಕೆಟ್ ತಂದಿದ್ದಾಳೆ. ಮುಂದಿನ ಟೂರ್, ಸೀಟು ಹನ್ನೊಂದು.
"ಯಾವತ್ತೂ ಹೇಳೋ ಹಾಗೇ ಹೇಳಬೇಕು. ಒಂದಕ್ಷರ ಬಿಡಬಾರದು. ನಾನ್ಯಾರು ಅಂತ ಅಲ್ಲಿ ಯಾರಿಗೂ ಗೊತ್ತಾಗಬಾರದು."
"ಇದೊಂದು ಬೇಡ ಕಣೇ."
"ಊರೋರೆಲ್ಲ ಕೇಳಿದ್ದಾರೆ. ನಾನು ಕೇಳಬಾರದಾ?"

ಜೂನ್ 6, ಸಂಜೆ 7
ಬರೆಯಲು ಕೈ ಬರುತ್ತಿಲ್ಲ. ಆದರೂ.

ಮೂರು ದಿನವೂ ಬಸ್ಸಿನ ಕನ್ನಡಿಯಲ್ಲಿ ಸೀಟು ಹನ್ನೊಂದು. ಬಂದರಿನಲ್ಲಿ ದೋಣಿ ಎಣಿಸಿದಳು. ಕೋಟೆಯ ಇನ್ನೂರು ಮೆಟ್ಟಿಲನ್ನೂ ಹತ್ತಿದಳು, ಮಂಡಿ ನೋವಿದ್ದರೂ. ಬೆಟ್ಟದ ತಿರುವಿನಲ್ಲಿ ಮಗುವಿನ ಹಾಗೆ ಗಾಜಿಗೆ ಮೂಗು ಒತ್ತಿದಳು. ಇಷ್ಟು ಖುಷಿಪಡುತ್ತಾಳೆಂದು ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲೂ ಇಲ್ಲ. 'ಪರ್ಸನಲ್ ಫೇವರಿಟ್' ಅನ್ನಲು ಒಮ್ಮೆಯೂ ಬಾಯಿ ಬರಲಿಲ್ಲ. ಹಾರ್ನಣ್ಣ ಅವಳ ಮುಖ ನೋಡದೆ ಬಸ್ಸು ಓಡಿಸಿದ.

ಸರೋವರ. ಬೆಂಚಿನ ಮೇಲೆ ಬಾಡಿದ ಹೂವುಗಳು. ಬೇರೆ ಬಸ್ಸಿನವರೂ ಲೇಖನ ಓದಿದ್ದಾರೆ. ನಮ್ಮ ಗ್ರೂಪಿನ ಬ್ಯಾಂಕ್ ಮ್ಯಾನೇಜರೂ ಆ ಹಾಳೆ ಮಡಿಸಿ ತಂದಿದ್ದರು. ಕೈಯಲ್ಲಿ ಬಿಳಿ ಹೂವು.

ಹೇಳಿದೆ. ಒಂದಕ್ಷರ ಬಿಡದೆ. 'ಇಲ್ಲೇ ಕೂತಿರುತ್ತಿದ್ದಳು' ಅನ್ನುವಲ್ಲಿ ಪ್ರತಿಸಲವೂ ಬೇಕಂತಲೇ ಗಂಟಲು ಕಟ್ಟಿಸಿಕೊಳ್ಳುತ್ತೇನೆ. ಇವತ್ತು ತಾನಾಗಿಯೇ ಕಟ್ಟಿತು. ಮ್ಯಾನೇಜರ್ ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ಇವಳ ಕೈಗೇ ಹೂವು ಕೊಟ್ಟು, "ನೀವು ಇಡಿಮ್ಮಾ, ಹೆಣ್ಣುಮಕ್ಕಳ ಕೈಯಿಂದ ಆಗಲಿ" ಅಂದರು.

ಇಟ್ಟಳು. ನಿಧಾನವಾಗಿ, ಬಾಡಿದ್ದನ್ನು ಪಕ್ಕಕ್ಕೆ ಸರಿಸಿ. ಆಮೇಲೆ ನನ್ನ ಕಡೆ ತಿರುಗಿದಳು.
"ಸಾರ್, ಒಂದು ಕೇಳಲಾ? ಅವರನ್ನ ಇಲ್ಲಿಗೆ ಎಷ್ಟು ಸಲ ಕರ್ಕೊಂಡು ಬಂದಿದ್ರಿ?"

ಮೈಕ್ ಆನ್ ಇತ್ತು.
"ಒಂದ್ಸಲಾನೂ ಇಲ್ಲ."

ಟೋಪಿ ತೆಗೆದವರು ಮತ್ತೆ ಹಾಕಿಕೊಂಡರು. ಮ್ಯಾನೇಜರ್ ಹಾಳೆಯನ್ನು ಇನ್ನೊಂದು ಮಡಿಕೆ ಮಡಿಸಿ ಜೇಬಿಗಿಟ್ಟರು. ಬೆಂಚಿನ ಮೇಲೆ ಇವಳೊಬ್ಬಳೇ ಕೂತಳು, ಹಾರ್ನ್ ಆಗುವವರೆಗೂ. ಪಕ್ಕದಲ್ಲಿ ಜಾಗ ಇತ್ತು. ಹೋಗಿ ಕೂರುವ ಮುಖ ನನಗಿರಲಿಲ್ಲ.

ಜೂನ್ 15, ಬೆಳಿಗ್ಗೆ 5.30
ಎಂಟು ದಿನ ರಜ ಹಾಕಿದ್ದೆ. ಮನೆಯಲ್ಲಿ ಬೇಕು-ಬೇಡ ಅಷ್ಟೇ ಮಾತು. ನಿನ್ನೆ ಟೀಚರಮ್ಮನಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದು ಅಂಚೆಗೆ ಹಾಕಿದೆ. ಹಾಕುವ ಮೊದಲು ಇವಳಿಗೆ ಕೊಟ್ಟೆ. ಓದಿ ಲಕೋಟೆಗೆ ಅಂಟು ಹಚ್ಚಿದಳು.

ಆರಕ್ಕೆ ಬಸ್ಸು. ಏಳನೇ ಸ್ಟಾಪಿನಲ್ಲಿ ಏನು ಹೇಳಬೇಕೋ ತೋಚುತ್ತಿಲ್ಲ.

ಇವಳು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ. ಚಪ್ಪಲಿ ಹಾಕಿಕೊಂಡು.
"ಟಿಕೆಟ್?" ಅಂದೆ.
"ಸತ್ತವರಿಗೂ ಟಿಕೆಟ್ ಕೇಳ್ತಾರಾ?"
ನಗುತ್ತಿದ್ದಾಳೋ ಇಲ್ಲವೋ... ತಲೆ ಎತ್ತಿ ನೋಡಬೇಕು. ಈ ಸಾಲು ಮುಗಿಸಿ —